ಬೋಟಿನ ಕಂಚಿನ ಬಾಲ್ ವಾಲ್ವ್: ಆರಿಸುವಾಗ, ಕೂರಿಸುವಾಗ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ರಜೆ. ಇಲ್ಲಿ ಮಲ್ಪೆಯಲ್ಲಿ ರಿಪೇರಿ ಕೆಲಸ ಜೋರಾಗುವುದು ಆಗಲೇ. ಇಂಜಿನ್‌ಗೆ, ಬಣ್ಣಕ್ಕೆ, ಬಲೆಗೆ ಎಲ್ಲರೂ ದುಡ್ಡು ತೆಗೆದಿಡುತ್ತಾರೆ. ಇಂಜಿನ್ ತಂಪಾಗಿಸಲು ಸಮುದ್ರದ ನೀರು ಒಳತರುವ, ನೀರಿನ ಮಟ್ಟದ ಕೆಳಗೆ ತೂತು ಕೊರೆದು ಕೂರಿಸಿದ ಬಾಲ್ ವಾಲ್ವ್ (ಲಿವರ್ ತಿರುಗಿಸಿದರೆ ಒಳಗಿನ ತೂತಿರುವ ಗುಂಡು ತಿರುಗಿ ನೀರು ಬಿಡುವ, ತಡೆಯುವ ವಾಲ್ವ್) ಮಾತ್ರ ಕೊನೆಗೆ ನೆನಪಾಗುತ್ತದೆ. ನಾನು ಇಂಜಿನ್ ರೂಮಿನ ಪೈಪ್ ಕೆಲಸ ಮಾಡುವವನು. ನನ್ನ ಕೇಳಿದರೆ ಮೊದಲು ನೋಡಬೇಕಾದ್ದೇ ಅದು.

ಯಾಕೆ ಅಂದರೆ ಲೆಕ್ಕ ನೋಡಿ. ನೀರಿನ ಮಟ್ಟದಿಂದ ಎರಡು ಅಡಿ ಕೆಳಗೆ ಒಂದು ಇಂಚಿನ ತೂತು ಬಾಯಿ ತೆರೆದರೆ ನಿಮಿಷಕ್ಕೆ ಸುಮಾರು 60 ಲೀಟರ್ ನೀರು ಒಳಗೆ ಬರುತ್ತದೆ. ಗಂಟೆಗೆ ಮೂರೂವರೆ ಟನ್. ಎರಡು ಇಂಚಿನ ತೂತಾದರೆ ಅದರ ನಾಲ್ಕು ಪಟ್ಟು. ರಾತ್ರಿ ಎಲ್ಲರೂ ಮಲಗಿದ್ದಾಗ ಇದು ಶುರುವಾದರೆ ಬೋಟಿನ ತಳದ ನೀರು ಹೊರಹಾಕುವ ಬಿಲ್ಜ್ ಪಂಪ್ ಎಷ್ಟು ಹೊತ್ತು ತಡೆದೀತು?

ಅಂಗಡಿಯಲ್ಲಿ ಫಳಫಳ ಹೊಳೆಯುವ ಬಾಲ್ ವಾಲ್ವ್ ಸಿಗುತ್ತದಲ್ವಾ, ಅದು ಮನೆಯ ನಲ್ಲಿಗೆ ಸರಿ. ಮೇಲೆ ನಿಕ್ಕಲ್ ಲೇಪ, ಒಳಗೆ ಹಿತ್ತಾಳೆ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಸಾಮಾನ್ಯ ವಾಲ್ವ್‌ಗಳಲ್ಲಿ ಸತುವೇ ನೂರಕ್ಕೆ ಹತ್ತಿರ ಹತ್ತಿರ 40 ಪಾಲು ಇರುತ್ತದೆ. ಉಪ್ಪು ನೀರು ಮೆಲ್ಲಗೆ ಆ ಸತುವನ್ನು ತಿಂದುಬಿಡುತ್ತದೆ. ಉಳಿಯುವುದು ತೂತುತೂತಾದ ಬರೀ ತಾಮ್ರ. ಕೆಟ್ಟದ್ದೆಂದರೆ, ಹೊರಗಿನ ಆಕಾರ ಹಾಗೇ ಇರುತ್ತದೆ. ಥ್ರೆಡ್ ಕೂಡ ಚೆನ್ನಾಗೇ ಕಾಣುತ್ತದೆ.

ಹಳೆ ಬೋಟಿನಿಂದ ಬಿಚ್ಚಿದ ಹಿತ್ತಾಳೆ ನಿಪ್ಪಲ್ (ಹೋಸ್ ಸಿಕ್ಕಿಸುವ ಗಿಡ್ಡ ಪೈಪ್ ತುಂಡು) ಒಂದನ್ನು ಹ್ಯಾಕ್ಸಾದಲ್ಲಿ ಅಡ್ಡ ಕೊಯ್ದು ನೋಡಿ. ಹೊರ ಅಂಚಿನಲ್ಲಿ ತೆಳ್ಳಗೆ ಹಳದಿ ಗೆರೆ. ಅದರ ಒಳಗೆ, ನೀರು ಹರಿದ ಕಡೆಯಿಂದ, ಗುಲಾಬಿ ಕೆಂಪು ಬಣ್ಣ. ಆ ಗುಲಾಬಿ ಭಾಗವನ್ನು ಇಕ್ಕಳದಲ್ಲಿ ಒತ್ತಿದರೆ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ. ಥ್ರೆಡ್‌ನ ತಳದಲ್ಲಿ ಲೋಹ ಮೊದಲೇ ತೆಳು. ಹಾಗಾಗಿ ಅದು ಮುರಿಯುವುದು ಯಾವಾಗಲೂ ಅಲ್ಲೇ.

ಅಂಗಡಿಯಲ್ಲಿ ಕೇಳಬೇಕಾದ್ದು 'ಗನ್‌ಮೆಟಲ್'. ನೂರಕ್ಕೆ ತಾಮ್ರ 85, ತವರ 5, ಸೀಸ 5, ಸತು 5 ಇರುವ ಕಂಚು ಅದು. ನಮ್ಮ ದೇಶದ ಮಾಲಿನಲ್ಲಿ ಐಎಸ್ 318, ಎಲ್‌ಟಿಬಿ-2 ಎಂದು ಕ್ಯಾಟಲಾಗಿನಲ್ಲಿ ಬರೆದಿರುತ್ತಾರೆ. ಇಂಗ್ಲೆಂಡಿನ ಮಾಲಿನಲ್ಲಿ ಎಲ್‌ಜಿ2. ಒಂದೇ ಕಂಪನಿ ಹಿತ್ತಾಳೆಯದ್ದೂ ಗನ್‌ಮೆಟಲ್‌ದೂ ಮಾಡುವುದುಂಟು. ಆದ್ದರಿಂದ ಹೆಸರು ನೋಡಿ ತರಬೇಡಿ, ಲೋಹ ಕೇಳಿ ತನ್ನಿ. 'ಮ್ಯಾಂಗನೀಸ್ ಬ್ರಾಂಝ್' ಎಂದು ಹೇಳಿದರೆ ಜಾಗ್ರತೆ. ಹೆಸರು ಕಂಚಿನದ್ದು, ಒಳಗೆ ಜಾಸ್ತಿ ಸತು ಇರುವ ಹಿತ್ತಾಳೆಯೇ. ಡಿಝಡ್‌ಆರ್ ಅಥವಾ ಸಿಆರ್ ಎಂದು ಗುರುತು ಇರುವ ಹಿತ್ತಾಳೆ ಬೇರೆ ಜಾತಿ. ಅದರಲ್ಲಿ ಸತು ಹೋಗದಂತೆ ಚೂರು ಆರ್ಸೆನಿಕ್ ಸೇರಿಸಿರುತ್ತಾರೆ. ಅದು ನಡೆಯುತ್ತದೆ. ಆದರೂ ನೀರಿನ ಕೆಳಗೆ ನಾನು ಹಾಕುವುದು ಗನ್‌ಮೆಟಲ್ಲೇ.

ಅನುಮಾನ ಇದ್ದರೆ ವಾಲ್ವಿನ ಕೆಳಮೈಯಲ್ಲಿ ಸಣ್ಣ ಅರದಿಂದ ಒಂದು ಗೀರು ಎಳೆಯಿರಿ. ಕೆಂಪು ಕಂದು ಬಣ್ಣ ಬಂದರೆ ಕಂಚು, ಹಳದಿ ಬಂದರೆ ಹಿತ್ತಾಳೆ. ಲಿವರ್ ಮತ್ತು ಅದರ ನಟ್ಟಿಗೆ ಅಯಸ್ಕಾಂತ ಹಿಡಿಯಿರಿ. ಗಟ್ಟಿಯಾಗಿ ಹಿಡಿದುಕೊಂಡರೆ ಬರೀ ಕಬ್ಬಿಣ, ಬೇಗ ತುಕ್ಕು ಹಿಡಿಯುತ್ತದೆ. ಒಳಗಿನ ಬಾಲ್ 316 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲ್ ಆಗಿರಲಿ. ಕ್ರೋಮ್ ಹಾಕಿದ ಹಿತ್ತಾಳೆ ಬಾಲ್‌ನ ಲೇಪ ಎದ್ದರೆ ಟೆಫ್ಲಾನ್ ಸೀಟನ್ನು ಕೆರೆದು ಹಾಕುತ್ತದೆ. ಮತ್ತೆ ಫುಲ್ ಬೋರ್, ಅಂದರೆ ಬಾಲ್‌ನ ತೂತು ಪೈಪಿನಷ್ಟೇ ಅಗಲ ಇರುವುದನ್ನೇ ತೆಗೆದುಕೊಳ್ಳಿ. ಬೋರ್ ಕಿರಿದಾದರೆ ಇಂಜಿನ್‌ಗೆ ನೀರು ಸಾಲದೆ ಬಿಸಿಯಾಗುತ್ತದೆ.

"ವಾಲ್ವ್ ಒಂದು ಗಟ್ಟಿ ಇದ್ರೆ ಸಾಕಲ್ವಾ ಮೇಸ್ತ್ರಿ?" ಎಂದು ಬೋಟ್ ನಡೆಸುವ ತಾಂಡೇಲರು ಕೇಳುತ್ತಾರೆ. ಸಾಕಾಗುವುದಿಲ್ಲ. ಹಲ್ (ಬೋಟಿನ ಹೊರಮೈ) ದಾಟಿ ಬರುವ ಸ್ಕಿನ್ ಫಿಟ್ಟಿಂಗ್, ಅದರ ಮೇಲೆ ವಾಲ್ವ್, ವಾಲ್ವಿನ ಮೇಲೆ ಹೋಸ್ ನಿಪ್ಪಲ್. ಈ ಮೂರೂ ಒಂದೇ ಲೋಹ ಆಗಿರಬೇಕು. ದುಬಾರಿ ವಾಲ್ವ್ ತಂದು, ನಿಪ್ಪಲ್‌ಗೆ ಮಾತ್ರ ಚೂರು ಉಳಿಸಲು ಹಿತ್ತಾಳೆ ಹಾಕುವುದು ನಾನು ಅತಿ ಹೆಚ್ಚು ನೋಡುವ ಕೆಲಸ. ಕೈಗೆ ಸಿಗುವ ಕೆಟ್ಟ ತುಂಡೂ ಹೆಚ್ಚಾಗಿ ಆ ನಿಪ್ಪಲ್ಲೇ. ವಾಲ್ವ್ ತೆರೆದಿರುವಾಗ ನಿಪ್ಪಲ್ ಮುರಿದರೂ ನೀರು ಬರುವುದು ಅಷ್ಟೇ ಜೋರಾಗಿ.

ಥ್ರೆಡ್ ವಿಷಯದಲ್ಲಿ ಕೈ ಮೋಸ ಹೋಗುತ್ತದೆ. ನಮ್ಮಲ್ಲಿ ಬ್ರಿಟಿಷ್ ಅಳತೆಯ ಬಿಎಸ್‌ಪಿ ಥ್ರೆಡ್ ಬಳಕೆ. ಅಮೆರಿಕದ ಮಾಲಿನಲ್ಲಿ ಅಲ್ಲಿನ ಅಳತೆಯ ಎನ್‌ಪಿಟಿ ಥ್ರೆಡ್. ಅರ್ಧ ಇಂಚು, ಮುಕ್ಕಾಲು ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಥ್ರೆಡ್. ಹಾಗಾಗಿ ಎರಡು ಮೂರು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯುತ್ತದೆ. ಸರಿ ಕೂತಿತು ಅನ್ನಿಸುತ್ತದೆ. ನಿಜಕ್ಕೂ ಥ್ರೆಡ್‌ನ ಕೋನವೇ ಬೇರೆ, ಒಂದು 55 ಡಿಗ್ರಿ, ಇನ್ನೊಂದು 60. ಸ್ಕಿನ್ ಫಿಟ್ಟಿಂಗ್‌ನ ಥ್ರೆಡ್ ನೇರ ಇದ್ದು ವಾಲ್ವಿನದ್ದು ಕಿರಿದಾಗುತ್ತಾ ಹೋಗುವಂಥದ್ದಾದರೂ ಇದೇ ಕತೆ. ಟೆಫ್ಲಾನ್ ಟೇಪ್ ಸುತ್ತಿ ಇದನ್ನು ಮುಚ್ಚಬೇಡಿ. ಟೇಪ್ ಇಲ್ಲದೆ ಕೈಯಲ್ಲೇ ತಿರುಗಿಸಿ, ಎಷ್ಟು ಸುತ್ತು ಹಿಡಿಯಿತು ಎಣಿಸಿ.

ಫೈಬರ್ ಮತ್ತು ಮರದ ಬೋಟಿಗೆ ಕಂಚು ಹೇಳಿ ಮಾಡಿಸಿದ್ದು. ಸ್ಟೀಲ್ ಬೋಟಿಗೆ ನೇರ ಹಾಕಿದರೆ ಕಂಚಿಗೇನೂ ಆಗುವುದಿಲ್ಲ, ಸುತ್ತಲಿನ ಪ್ಲೇಟು ತಿನ್ನಿಸಿಕೊಳ್ಳುತ್ತದೆ. ಅಲ್ಲಿ ದಪ್ಪ ಗೋಡೆಯ ಸ್ಟೀಲ್ ಪೈಪ್ ಬೆಸುಗೆ ಹಾಕಿ, ಮೇಲೆ ಫ್ಲ್ಯಾಂಜ್ ಕೊಟ್ಟು, ನಡುವೆ ಗ್ಯಾಸ್ಕೆಟ್ ಹಾಕಿ, ಬೋಲ್ಟಿಗೂ ಪ್ಲಾಸ್ಟಿಕ್ ಬುಷ್ ಹಾಕಿ ಎರಡು ಲೋಹ ಮುಟ್ಟದಂತೆ ಮಾಡಬೇಕು. ಅಲ್ಯೂಮಿನಿಯಂ ಹಲ್‌ಗೆ ಕಂಚು ಬೇಡವೇ ಬೇಡ.

ಇನ್ನು ಕೂರಿಸುವುದು. ಫೈಬರ್ ಬೋಟಿನ ಕ್ರಮ ಹೇಳುತ್ತೇನೆ. ಜಾಗ ಆರಿಸುವಾಗ ಲಿವರ್ ಪೂರ್ತಿ ತಿರುಗುತ್ತದಾ, ಕತ್ತಲಲ್ಲೂ ಕೈ ಸಿಗುತ್ತದಾ ನೋಡಿ. ಆಳ ಅಳೆಯುವ ಎಕೋ ಸೌಂಡರ್‌ನ ಮುಂದುಗಡೆ ಬೇಡ, ಗುಳ್ಳೆ ಎದ್ದು ಸಿಗ್ನಲ್ ಕೆಡುತ್ತದೆ. ಒಳಗಿನಿಂದ ಸಣ್ಣ ಡ್ರಿಲ್ ಹಾಕಿ, ಹೊರಗಿನಿಂದ ಹೋಲ್ ಸಾ (ದುಂಡು ತೂತು ಕೊಯ್ಯುವ ಗರಗಸ) ಹಾಕಿ. ಹೀಗೆ ಮಾಡಿದರೆ ಹೊರಗಿನ ನುಣುಪು ಪದರ, ಅಂದರೆ ಜೆಲ್‌ಕೋಟ್, ಎದ್ದು ಬರುವುದಿಲ್ಲ. ಕೊರೆದ ಅಂಚಿಗೆ ಎಪಾಕ್ಸಿ ಬಳಿಯಲೇಬೇಕು, ಇಲ್ಲವಾದರೆ ಫೈಬರ್ ಪದರದೊಳಗೆ ನೀರು ಇಳಿಯುತ್ತದೆ.

ಒಳಗೆ ವಾಲ್ವಿನ ಕೆಳಗೆ ಆಧಾರಕ್ಕೆ ಒಂದು ಗಟ್ಟಿ ತುಂಡು ಬೇಕು. ಐಎಸ್ 710 ಗುರುತಿನ 18 ಮಿಮೀ ಮರೈನ್ ಪ್ಲೈ ಆದರೆ ಎಲ್ಲ ಕಡೆ ಎಪಾಕ್ಸಿ ಕುಡಿಸಿ ಹಾಕಿ, ಅಥವಾ ದಪ್ಪ ಫೈಬರ್ ಶೀಟು. ಹಲ್‌ನ ಬಾಗಿಗೆ ಸರಿಯಾಗಿ ಉಜ್ಜಿ ಅಂಟಿಸಿ. ಅಗಲವಾದ ಪಾದ ಇರುವ, ಬೋಲ್ಟ್ ಹಾಕುವ ಬೋಟಿನ ವಾಲ್ವ್, ಅಂದರೆ ಸೀ ಕಾಕ್, ಸಿಕ್ಕಿದರೆ ಅದನ್ನೇ ತನ್ನಿ. ಅಮೆರಿಕದ ಬೋಟ್ ಅಂಡ್ ಯಾಟ್ ಕೌನ್ಸಿಲ್ ನಿಯಮದ ಪ್ರಕಾರ ಈ ಜೋಡಣೆಯ ಒಳತುದಿ 227 ಕಿಲೋ ಒತ್ತಡವನ್ನು 30 ಸೆಕೆಂಡ್ ತಡೆಯಬೇಕು. ಇಂಜಿನ್ ರೂಮಿನಲ್ಲಿ ಜಾರಿದ ಆಳು ಕಾಲಿಡುವುದೇ ವಾಲ್ವಿನ ಮೇಲೆ, ಆದ್ದರಿಂದ ಅದು ಜಾಸ್ತಿ ಅಲ್ಲ.

ಮೊದಲು ಅಂಟಿಲ್ಲದೆ ಎಲ್ಲ ಜೋಡಿಸಿ ನೋಡಿ. ಸ್ಕಿನ್ ಫಿಟ್ಟಿಂಗ್‌ನ ಥ್ರೆಡ್ ಉದ್ದವಾಗಿ ವಾಲ್ವಿನ ತಳಕ್ಕೆ ತಾಗುತ್ತಿದ್ದರೆ ಕತ್ತರಿಸಬೇಕು. ಕತ್ತರಿಸದಿದ್ದರೆ, ಬಿಗಿ ಅನ್ನಿಸಿದರೂ ಹಲ್ ಕಡೆ ಸಡಿಲ ಇರುತ್ತದೆ. ಬಿಚ್ಚಿ, ಒರೆಸಿ, ಮತ್ತೆ ಅಂಟು ಹಾಕಿ ಕೂರಿಸಿ. ನೀರಿನ ಕೆಳಗೆ ಪಾಲಿಯುರೆಥೇನ್ ಸೀಲಂಟ್ ಬಳಸಿ, ಸಿಕಾಫ್ಲೆಕ್ಸ್ 291ರಂಥ ಮರೈನ್ ನಮೂನೆಯದ್ದು. ಕಿಟಕಿಗೆ ಹಾಕುವ ಸಿಲಿಕಾನ್ ಬೇಡ. ಮಳೆಗಾಲದ ಕೆಲಸ ಆದ್ದರಿಂದ ಒಂದು ಮಾತು: ಈ ಸೀಲಂಟ್ ಗಾಳಿಯ ತೇವದಿಂದಲೇ ಗಟ್ಟಿಯಾಗುತ್ತದೆ, ಆದರೆ ಅಂಟುವ ಮೈ ಮಾತ್ರ ಪೂರ್ತಿ ಒಣಗಿರಬೇಕು. ಟಾರ್ಪಾಲ್ ಕಟ್ಟಿ, ಅಸಿಟೋನ್‌ನಿಂದ ಒರೆಸಿ. ಸ್ಪಿರಿಟ್ ತಾಗಿಸಬೇಡಿ, ಅದು ತಾಗಿದರೆ ಪಾಲಿಯುರೆಥೇನ್ ಗಟ್ಟಿಯಾಗುವುದಿಲ್ಲ. ಸುತ್ತಲೂ ಅಂಟು ಸಮನಾಗಿ ಹೊರ ಉಕ್ಕಿದರೆ ಕೂತಿದೆ ಎಂದರ್ಥ.

ಹೋಸ್ ತಂತಿ ಸೇರಿಸಿದ, ಗಟ್ಟಿ ಗೋಡೆಯದ್ದು ಇರಲಿ. ಪ್ರತಿ ತುದಿಗೂ ಎರಡು 316 ಕ್ಲಿಪ್, ಎರಡೂ ನಿಪ್ಪಲ್‌ನ ಹಲ್ಲಿನ ಮೇಲೇ ಕೂರಬೇಕು. ನಿಪ್ಪಲ್ ಗಿಡ್ಡ ಇದ್ದು ಎರಡನೆಯ ಕ್ಲಿಪ್ ಹೊರಗೆ ಹೋದರೆ ಅದು ಹೋಸನ್ನೇ ಕೊಯ್ಯುತ್ತದೆ. ಏನಾದರೂ ಮುರಿದರೆ ತೂತಿಗೆ ಬಡಿಯಲು, ವಾಲ್ವಿಗೆ ಹೊಂದುವ ಮೃದು ಮರದ ಬೆಣೆಯೊಂದನ್ನು ಹಗ್ಗದಿಂದ ಅಲ್ಲೇ ಕಟ್ಟಿಡಿ.

ತಿಂಗಳಿಗೊಮ್ಮೆ ಲಿವರ್ ತೆರೆದು ಮುಚ್ಚಿ. ಸುಮ್ನೆ ಬಿಟ್ಟರೆ ಉಪ್ಪು, ಚಿಪ್ಪು ಕಟ್ಟಿ ಬಾಲ್ ಜಾಮ್ ಆಗುತ್ತದೆ. ಇಂಜಿನ್ ವಾಲ್ವ್ ಮುಚ್ಚಿದರೆ ಸ್ಟಾರ್ಟ್ ಕೀಗೆ ಒಂದು ಕೆಂಪು ಬಟ್ಟೆ ಕಟ್ಟಿ, ಇಲ್ಲವಾದರೆ ಮರೆತು ಸ್ಟಾರ್ಟ್ ಮಾಡಿ, ನೀರಿಲ್ಲದೆ ತಿರುಗುವ ಪಂಪಿನ ಇಂಪೆಲ್ಲರ್ (ಒಳಗಿನ ರಬ್ಬರ್ ಚಕ್ರ) ಸುಟ್ಟುಹೋಗುತ್ತದೆ. ಬೋಟ್ ನೀರಿಗೆ ಇಳಿದ ಕೂಡಲೇ ಎಲ್ಲ ವಾಲ್ವಿನ ಬುಡಕ್ಕೂ ಒಣ ಪೇಪರ್ ಒತ್ತಿ ನೋಡಿ. ಮರುದಿನ ಬೆಳಿಗ್ಗೆ ದಕ್ಕೆ ಬಿಡುವ ಮೊದಲು ಇನ್ನೊಮ್ಮೆ ಒತ್ತಿ. ಎಲ್ಲಾದರೂ ಒದ್ದೆಯಾದರೆ ಬೋಟ್ ಮೇಲೆತ್ತಿಸಿ, ಬಿಚ್ಚಿ, ಅಂಟು ಹೊಸದಾಗಿ ಹಾಕಿ.