ಮಳೆಗೊಂದು ಪಟ್ಟಿ, ಹೊಳವಿಗೊಂದು ಪಟ್ಟಿ

ತೀರ್ಥಹಳ್ಳಿ ಹತ್ತಿರ 21 ದಿನಕ್ಕೆ ನಾನು ಹಾಕಿದ್ದ ಸಿನಿಮಾ ಶೂಟಿಂಗ್ ಶೆಡ್ಯೂಲ್, 20ನೇ ದಿನಕ್ಕೇ ಮುಗಿದು ಕುಂಬಳಕಾಯಿ ಒಡೆದೆವು. ಅದೂ ಜುಲೈನಲ್ಲಿ. "ಪುನರ್ವಸು ಮಳೇಲಿ ಶೂಟಿಂಗ್ ಇಡ್ತೀಯಲ್ಲ, ತಲೆ ನೆಟ್ಟಗಿದೆಯಾ ಮಾರಾಯ?" ಅಂದಿದ್ದ ಮ್ಯಾನೇಜರ್ರೇ ಆಮೇಲೆ ನನ್ನ ಶೀಟ್ ಕೇಳಿ ಇಸ್ಕೊಂಡು ಹೋದರು.

ಹಿಂದಿನ ಸಿನಿಮಾದ ಕತೆ ಬೇರೆ. ಆಗ ಶೆಡ್ಯೂಲನ್ನು ಮೂವಿ ಮ್ಯಾಜಿಕ್ ಅನ್ನೋ ಸಾಫ್ಟ್‌ವೇರಿನಲ್ಲಿ ಹಾಕಿದ್ದೆ. ಸಾಫ್ಟ್‌ವೇರಿನದು ತಪ್ಪಿಲ್ಲ. ಸ್ಕ್ರಿಪ್ಟಿನ ಪ್ರತಿ ಪುಟವನ್ನು ಎಂಟು ಭಾಗ ಮಾಡಿ ದಿನಕ್ಕೆ ನಾಲ್ಕು ಪುಟ ಅಂತ ಸುಮ್ನೆ ಕೂರಿಸಿದವನು ನಾನು. "ಜೀಪು ಘಾಟಿ ಇಳಿಯುತ್ತದೆ" ಅನ್ನೋದು ಎಂಟರಲ್ಲಿ ಒಂದು ಭಾಗ. ಆಗುಂಬೆ ಘಾಟಿಯಲ್ಲಿ ಅದಕ್ಕೇ ಅರ್ಧ ದಿನ ಹೋಯಿತು. ಮೊದಲು ಮಂಜು, ಆಮೇಲೆ ಬಸ್ಸು.

ಅದಕ್ಕಿಂತ ದುಬಾರಿ ತಪ್ಪು ಇನ್ನೊಂದು. ಡಿಸೆಂಬರ್‌ನಲ್ಲಿ ಹಳೇ ಮನೆಯ ಅಂಗಳದಲ್ಲಿ ಐದು ಸೀನು. ಹೋಗಿ ನೋಡಿದರೆ ಅಂಗಳದ ತುಂಬಾ ಬೇಯಿಸಿದ ಅಡಿಕೆ ಹರವಿದ್ದಾರೆ. "ನೀವು ಬರೋದು ಗೊತ್ತಿತ್ತು, ಅಡಿಕೆ ಕೇಳಬೇಕಲ್ಲ" ಅಂದರು ಯಜಮಾನರು. ಜೂನಿಯರ್ ಆರ್ಟಿಸ್ಟ್ ಆಗ್ತೀವಿ ಅಂದಿದ್ದ ಊರಿನವರೆಲ್ಲ ಅಡಿಕೆ ಸುಲಿಯೋಕೆ ಕೂತಿದ್ದರು. ಎರಡು ದಿನ ಖಾಲಿ. ಬೇಟಾ (ದಿನಭತ್ಯೆ), ಜನರೇಟರ್, ಊಟ ಎಲ್ಲ ಸೇರಿ ದಿನಕ್ಕೆ ಒಂದೂಕಾಲು ಲಕ್ಷದ ಹತ್ತಿರ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಆಮೇಲೆ ಒಂದು ಆನ್‌ಲೈನ್ ಟೂಲ್ ಹಿಡಿದೆ. ಧರೆ (ಮಣ್ಣಿನ ದಿಬ್ಬ) ಹತ್ತಿದರೆ ಮಾತ್ರ ನೆಟ್‌ವರ್ಕ್. ಥರ್ಮಾಕೋಲ್ ಮೇಲೆ ಕಾಗದದ ಪಟ್ಟಿ ಚುಚ್ಚಿಟ್ಟೆ, ಎರಡು ವಾರಕ್ಕೆ ಬೂಷ್ಟು.

ಕೊನೆಗೆ ಗೆದ್ದಿದ್ದು ಮಾಮೂಲಿ ಎಕ್ಸೆಲ್, ಲ್ಯಾಪ್‌ಟಾಪ್‌ನಲ್ಲೇ. ಒಟ್ಟು 80 ಚಿಲ್ಲರೆ ಸೀನು. ಪ್ರತಿ ದಿನಕ್ಕೂ ಎರಡು ಪಟ್ಟಿ: ಮಳೆ ಬಂದರೆ ಇದು, ಹೊಳವಾದರೆ, ಅಂದರೆ ಮಳೆ ಬಿಟ್ಟು ಬೆಳಕಾದರೆ, ಅದು. ಎರಡರಲ್ಲೂ ಅದೇ ಮನೆ, ಅದೇ ಆರ್ಟಿಸ್ಟು. ಗಾಡಿ ಹತ್ತುವ ಹಾಗೇ ಇಲ್ಲ, ನಡೆದು ಹೋಗುವಷ್ಟೇ ದೂರ. ಹೊಳವು ಕಂಡ ಕೂಡಲೇ ಒಳಗಿನ ಶಾಟ್ ಮುಗಿಸಿ ಹೊರಗೆ ಓಡಬೇಕು. ಹಂಚಿನ ಮೇಲೆ ಮಳೆ ಬೀಳುವಾಗ ಸಿಂಕ್ ಸೌಂಡ್ (ಶೂಟಿಂಗ್ ಜಾಗದಲ್ಲೇ ಮಾತು ರೆಕಾರ್ಡ್ ಮಾಡೋದು) ಆಸೆ ಬಿಡಿ, ನಾವು ಡಬ್ಬಿಂಗ್ ಅಂತ ಮೊದಲೇ ತೀರ್ಮಾನಿಸಿದ್ದೆವು. ಮಳೆ ಪಟ್ಟಿಗೆ ಆರ್ಟಿಸ್ಟ್ ಹೆಚ್ಚುವರಿ ಡೇಟ್ಸ್ ಕೊಡುವ ಹಾಗೆ ಹೇಗೆ ಒಪ್ಪಿಸಿದೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಅದು ನನ್ನ ಹೊಟ್ಟೆಪಾಡು.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಲೈಟ್ ಬಾಡಿಗೆ ಉಳಿಸೋಣ ಅಂತ ಪಂಚಾಂಗ ನೋಡಿ, ತೋಟದ ರಾತ್ರಿ ಸೀನನ್ನು ಹುಣ್ಣಿಮೆಗೆ ಹಾಕಿದೆ. ಜುಲೈ ಮೋಡ, ಮೇಲೆ ಅಡಿಕೆ ಸೋಗೆ. ಚಂದ್ರ ಎಲ್ಲಿಂದ ಬರಬೇಕು? ಕ್ಯಾಮೆರಾಮನ್ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಯಾರು ಯಾವಾಗ ಎಲ್ಲಿಗೆ ಬರಬೇಕು ಅನ್ನೋ ಕಾಲ್ ಶೀಟನ್ನು ವಾಟ್ಸಾಪ್‌ನಲ್ಲಿ ಕಳಿಸೋದನ್ನೂ ಬಿಟ್ಟೆ. ಪ್ರಿಂಟ್ ತೆಗೆದು ಕಾಫಿ ಕೊಡುವ ಜಾಗದ ಕಂಬಕ್ಕೆ ಅಂಟಿಸಿದೆ. ಎಲ್ಲರೂ ಓದಿದರು.

ಈಗ ಸಾಗರದ ಕಡೆ ನವೆಂಬರ್‌ಗೆ ಒಂದು ಶೆಡ್ಯೂಲ್ ಹಾಕುತ್ತಿದ್ದೇನೆ. ಶೀಟಿನ ಮೊದಲ ಕಾಲಂ ಕೊನೆಗಾರನ (ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವನ) ಡೇಟ್ಸ್, ಎರಡನೆಯದು ಹೀರೋದು. ಹೀರೋ ಡೇಟ್ಸ್ ಸಿಕ್ಕಿದೆ. ಕೊನೆಗಾರ ಇನ್ನೂ ಹೇಳಿಲ್ಲ.