ಬಾವಿಯೊಳಗಿಂದ ಹಾಡುತ್ತಿದ್ದ ಭಾಗವತರು

ಅಪ್ಪನ ಹಳೆ ವಿಂಡೋಸ್ 7 ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಮೀಡಿಯಾ ಪ್ಲೇಯರ್ ತೆರೆದು ಯಕ್ಷಗಾನದ ವಿಡಿಯೋ ಹಾಕಿದರೆ ಭಾಗವತರು ಬಾವಿಯೊಳಗೆ ಕೂತು ಹಾಡಿದ ಹಾಗೆ ಕೇಳುತ್ತಿತ್ತು. ಚೆಂಡೆಯ ಒಂದು ಪೆಟ್ಟು ಎರಡಾಗುತ್ತಿತ್ತು. ಸ್ಪೀಕರ್ ಹೋಯ್ತು ಅಂದುಕೊಂಡೆ. ಆದರೆ ಅದೇ ಫೈಲ್ ಇನ್ನೊಂದು ಪ್ಲೇಯರ್ ಆದ ವಿಎಲ್‌ಸಿಯಲ್ಲಿ ಸರಿಯಾಗಿತ್ತು. ಅಂದರೆ ವಿಂಡೋಸ್ ಮೀಡಿಯಾ ಪ್ಲೇಯರ್ ಒಳಗೆ ಏನೋ ಸೇರಿಕೊಂಡಿದೆ, ಅಲ್ವಾ?

ಮೆನು ಕಾಣಬೇಕಾದರೆ ಆಲ್ಟ್ ಕೀ ಒತ್ತಬೇಕು. ಇದು ಗೊತ್ತಾಗಲು ನನಗೆ ಹತ್ತು ನಿಮಿಷ ಬೇಕಾಯಿತು! ಟೂಲ್ಸ್, ಪ್ಲಗ್-ಇನ್ಸ್ (ಪ್ಲೇಯರ್‌ಗೆ ಹೊರಗಿನಿಂದ ಸೇರಿಸುವ ಪುಟ್ಟ ಪ್ರೋಗ್ರಾಂಗಳು), ಆಪ್ಷನ್ಸ್ ಅಂತ ಹೋದೆ. ಅಲ್ಲಿ ಬಗೆಬಗೆಯ ವಿಭಾಗಗಳಿವೆ. ನನಗೆ ಬೇಕಿದ್ದದ್ದು ಆಡಿಯೋ ಡಿಎಸ್‌ಪಿ. ಸದ್ದು ಸ್ಪೀಕರ್ ಮುಟ್ಟುವ ಮೊದಲೇ ಅದನ್ನು ತಿದ್ದುವ ಪ್ಲಗ್-ಇನ್‌ಗಳು ಇದರಲ್ಲಿರುತ್ತವೆ. ಎರಡು ವರ್ಷದ ಹಿಂದೆ ಪುಕ್ಕಟೆ ಸಿಕ್ಕಿತು ಅಂತ ಸುಮ್ನೆ ಹಾಕಿದ್ದ ಸೌಂಡ್ ಬೂಸ್ಟರ್ ಟಿಕ್ ಸಮೇತ ಕೂತಿತ್ತು. ಟಿಕ್ ತೆಗೆದು, ಪ್ಲೇಯರ್ ಮುಚ್ಚಿ ಮತ್ತೆ ತೆರೆದೆ. ಭಾಗವತರು ಬಾವಿಯಿಂದ ಮೇಲೆ ಬಂದರು.

ಪ್ಲೇಯರ್ ಒಳಗೆ ಏನೇನು ಸೇರಿಕೊಂಡಿದೆ ಅಂತ ನೋಡಲು ಇನ್ನೊಂದು ದಾರಿಯೂ ಇದೆ. ಹೆಲ್ಪ್ ಮೆನುವಿನ ಅಬೌಟ್‌ನಲ್ಲಿ ಟೆಕ್ನಿಕಲ್ ಸಪೋರ್ಟ್ ಇನ್ಫರ್ಮೇಷನ್ ಒತ್ತಿದರೆ ಕೋಡೆಕ್ (ಆಡಿಯೋ, ವಿಡಿಯೋ ಫೈಲ್ ಬಿಡಿಸಿ ಓದುವ ಪ್ರೋಗ್ರಾಂ), ಪ್ಲಗ್-ಇನ್‌ಗಳ ಪಟ್ಟಿ ಒಂದೇ ಪುಟದಲ್ಲಿ ತೆರೆಯುತ್ತದೆ. ಯಾರ ಹತ್ತಿರವಾದರೂ ಸಹಾಯ ಕೇಳುವಾಗ ಅದನ್ನೇ ಕಳಿಸಬಹುದು.

ಬೂಸ್ಟರ್ ಹಾಕಿದ್ದು ನಾನೇ ಅಂತ ಅಪ್ಪನಿಗೆ ಇನ್ನೂ ಹೇಳಿಲ್ಲ.