ಅರ್ಧ ಕಿಲೋ ತೂಗುವ ಟೊಮೇಟೊ ಬೇಕಾ? ಹಾಗಿದ್ರೆ ನೀರು ತಪ್ಪಿಸಬೇಡಿ

ಒಂದೇ ಹಣ್ಣು ಅಂಗೈ ತುಂಬಬೇಕು, ಅಡ್ಡಕ್ಕೆ ಕೊಯ್ದರೆ ಒಂದು ಬಿಲ್ಲೆ ಅರ್ಧ ತಟ್ಟೆ ಮುಚ್ಚಬೇಕು. ಇಂಥ ಟೊಮೇಟೊಗಳಿಗೆ ಬೀಫ್‌ಸ್ಟೇಕ್ ಅಂತ ಹೆಸರು. ಸಾಮಾನ್ಯವಾಗಿ 300 ಗ್ರಾಂನಿಂದ ಅರ್ಧ ಕಿಲೋ ತನಕ ತೂಗುತ್ತವೆ, ಚೆನ್ನಾಗಿ ನೋಡಿಕೊಂಡರೆ ಇನ್ನೂ ಜಾಸ್ತಿ. 2022ರಲ್ಲಿ ಅಮೆರಿಕದಲ್ಲಿ ಡೊಮಿಂಗೊ ಎಂಬ ತಳಿಯ ಒಂದೇ ಹಣ್ಣು 4.896 ಕಿಲೋ ತೂಗಿ ಗಿನ್ನೆಸ್ ದಾಖಲೆ ಮಾಡಿತು. ನಮಗೆ ಅಷ್ಟೆಲ್ಲ ಬೇಡ, ಅರ್ಧ ಕಿಲೋದ ನಾಲ್ಕಾರು ಹಣ್ಣು ಸಿಕ್ಕರೂ ಖುಷಿಯೇ ಅಲ್ವಾ.

ಸಣ್ಣ ಟೊಮೇಟೊ ಬೆಳೆದು ಅಭ್ಯಾಸ ಇರುವವರು ಇದನ್ನೂ ಹಾಗೇ ಬೆಳೆಯಲು ಹೋಗಿ, ಒಡೆದ ಹಣ್ಣು, ಬುಡ ಕೊಳೆತ ಕಾಯಿ ನೋಡಿ ಬೇಜಾರಾಗಿ ಬಿಟ್ಟುಬಿಡುತ್ತಾರೆ. ಕಾರಣ ಸರಳ. ಚೆರ್ರಿ ಟೊಮೇಟೊ ಬೇಗ ಹಣ್ಣಾಗಿ ಕೈಗೆ ಬರುತ್ತದೆ. ದೊಡ್ಡ ತಳಿಯ ಕಾಯಿ ಹೂವಿನಿಂದ ಹಣ್ಣಾಗುವ ತನಕ ಹೆಚ್ಚುಕಮ್ಮಿ ಎರಡು ತಿಂಗಳು ಗಿಡದಲ್ಲೇ ತೂಗಬೇಕು. ಆ ಎರಡು ತಿಂಗಳಲ್ಲಿ ನೀವು ಮಾಡಿದ ಒಂದೊಂದು ಏರುಪೇರೂ ಕಾಯಿಯ ಮೇಲೆ ಗುರುತಾಗಿ ಉಳಿಯುತ್ತದೆ. ಹಾಗಾಗಿ ನನ್ನ ಪ್ರಕಾರ ಇದರಲ್ಲಿ ಗೊಬ್ಬರಕ್ಕಿಂತ, ತಳಿಗಿಂತ, ಔಷಧಿಗಿಂತ ಮುಖ್ಯವಾದದ್ದು ಸಮನಾಗಿ ನೀರು ಕೊಡುವುದು. ಅದರ ಬಗ್ಗೆ ಮುಂದೆ ಉದ್ದಕ್ಕೆ ಬರೆದಿದ್ದೇನೆ, ದಯವಿಟ್ಟು ಆ ಭಾಗ ಬಿಡಬೇಡಿ.

ಮೊದಲು ತಳಿ. ಹೊಸಬರಾದರೆ ಬಿಗ್ ಬೀಫ್ ಹಾಕಿ. ಇದು ಹೈಬ್ರಿಡ್, ಹಲವು ರೋಗ ತಡೆಯುತ್ತದೆ, ಸಸಿ ನೆಟ್ಟು ಸುಮಾರು 75 ದಿನಕ್ಕೆ ಹಣ್ಣು ಶುರು. ರುಚಿಗೆ ಹೆಸರಾದದ್ದು ಬ್ರಾಂಡಿವೈನ್, ಗುಲಾಬಿ ಬಣ್ಣದ ಹಣ್ಣು, ಆಲೂಗಡ್ಡೆ ಗಿಡದಂಥ ಅಗಲ ಎಲೆ. ಆದರೆ ಅದು ನಿಧಾನ, 80ರಿಂದ 100 ದಿನ ಹಿಡಿಯುತ್ತದೆ, ಕಾಯಿಯೂ ಕಮ್ಮಿ. ಚೆರೋಕಿ ಪರ್ಪಲ್ ಸ್ವಲ್ಪ ಚಿಕ್ಕದು, ಕಪ್ಪು ಮಿಶ್ರಿತ ಕೆಂಪು, ರುಚಿಯಲ್ಲಿ ಬ್ರಾಂಡಿವೈನ್‌ಗೆ ಏನೂ ಕಮ್ಮಿ ಇಲ್ಲ. ಮಾರ್ಟ್‌ಗೇಜ್ ಲಿಫ್ಟರ್ ಅಂತ ಇನ್ನೊಂದಿದೆ. ಅಮೆರಿಕದಲ್ಲಿ ಒಬ್ಬರು ತಾವೇ ತಳಿ ಮಾಡಿ, ಅದರ ಸಸಿ ಮಾರಿ ಮನೆ ಸಾಲ ತೀರಿಸಿದರಂತೆ, ಆ ಹೆಸರೇ ನಿಂತಿತು. ಎರಡು ಗಿಡಕ್ಕೆ ಜಾಗ ಇದ್ದರೆ ಒಂದು ಬಿಗ್ ಬೀಫ್, ಒಂದು ಚೆರೋಕಿ ಪರ್ಪಲ್ ಹಾಕಿ. ಒಂದು ಕೈಕೊಟ್ಟರೂ ಇನ್ನೊಂದು ಇರುತ್ತದೆ. ಈ ನಾಲ್ಕೂ ಬಳ್ಳಿಯ ಹಾಗೆ ಮೇಲಕ್ಕೆ ಬೆಳೆಯುತ್ತಲೇ ಇರುವ ಜಾತಿ, ಆಳೆತ್ತರ ದಾಟುತ್ತವೆ. ಜಾಗ ನೋಡಿಕೊಂಡು ಇಳಿಯಿರಿ.

ಯಾವಾಗ ಬಿತ್ತಬೇಕು? ತಿಂಗಳು ಕೇಳಬೇಡಿ, ಅದು ಊರಿಂದ ಊರಿಗೆ ಬೇರೆ. ಹೀಗೆ ಲೆಕ್ಕ ಹಾಕಿ. ಹೂ ಬಿಡುವ ಹೊತ್ತಿಗೆ ಹಗಲು 20ರಿಂದ 29 ಡಿಗ್ರಿ ಸೆಲ್ಸಿಯಸ್, ರಾತ್ರಿ 13ರಿಂದ 21 ಡಿಗ್ರಿ ಇರಬೇಕು. ಹಗಲು 32 ದಾಟಿ ಅಲ್ಲೇ ನಿಂತರೆ, ಅಥವಾ ರಾತ್ರಿ ಸೆಕೆ ಇಳಿಯದಿದ್ದರೆ ಪರಾಗ ಕೆಟ್ಟು ಹೂ ಸುಮ್ನೆ ಉದುರುತ್ತದೆ. ತೀರಾ ಚಳಿಯಾದರೂ ಅಷ್ಟೇ. ನಿಮ್ಮಲ್ಲಿ ಆ ಹದ ಹವೆ ಯಾವಾಗ ಇರುತ್ತದೋ ನೋಡಿ, ಅಲ್ಲಿಂದ ಹಿಂದಕ್ಕೆ ಎಣಿಸಿ: ಸಸಿಗೆ ಆರರಿಂದ ಎಂಟು ವಾರ, ನೆಟ್ಟ ಮೇಲೆ ಹೂವಿಗೆ ಇನ್ನೊಂದು ನಾಲ್ಕೈದು ವಾರ.

ಬೀಜವನ್ನು ಅರ್ಧ ಸೆಂಟಿಮೀಟರ್ ಆಳಕ್ಕೆ ಹಾಕಿದರೆ ಸಾಕು. ಮಣ್ಣು 21ರಿಂದ 27 ಡಿಗ್ರಿ ಬೆಚ್ಚಗಿದ್ದರೆ ಐದರಿಂದ ಹತ್ತು ದಿನದಲ್ಲಿ ಮೊಳೆಯುತ್ತದೆ. ಮೊಳೆತ ಕೂಡಲೇ ಒಳ್ಳೆ ಬೆಳಕು ಬೇಕು, ಇಲ್ಲದಿದ್ದರೆ ಸಸಿ ದಾರದ ಹಾಗೆ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಮೊದಲು ಬರುವ ಜೋಡಿ ಬೀಜದೆಲೆ ಬಿಟ್ಟು, ಆಮೇಲೆ ಎರಡು ನಿಜವಾದ ಎಲೆ ಬಂದಾಗ ಬೇರೆ ಬೇರೆ ಲೋಟಕ್ಕೆ ಹಾಕಿ, ಪ್ರತಿ ಸಲ ಮೊದಲಿಗಿಂತ ಸ್ವಲ್ಪ ಆಳಕ್ಕೆ. ನೆಡುವ ಮುಂಚೆ ಒಂದು ವಾರ ಹತ್ತು ದಿನ ಹೊರಗಿನ ಬಿಸಿಲಿಗೆ ಒಗ್ಗಿಸಿ, ಮೊದಲ ದಿನ ಒಂದು ಗಂಟೆ, ಆಮೇಲೆ ದಿನಾ ಸ್ವಲ್ಪ ಹೆಚ್ಚಿಸುತ್ತಾ ಹೋಗಿ. ಸೀದಾ ಬಿಸಿಲಿಗೆ ಇಟ್ಟರೆ ಎಲೆ ಬೆಳ್ಳಗೆ ಸುಟ್ಟ ಹಾಗಾಗುತ್ತದೆ.

ನೆಡುವಾಗ ಟೊಮೇಟೊದ ಒಂದು ವಿಶೇಷ ನೆನಪಿಡಿ. ಮಣ್ಣಿಗೆ ತಾಗಿದ ಕಾಂಡದ ಉದ್ದಕ್ಕೂ ಇದು ಬೇರು ಬಿಡುತ್ತದೆ. ಕಾಂಡದ ಮೇಲಿನ ರೋಮಗಳ ಜೊತೆ ಸಣ್ಣ ಗಂಟುಗಳ ಹಾಗೆ ಕಾಣುತ್ತವಲ್ಲ, ಅವೇ ಬೇರಾಗಲು ಕಾಯುತ್ತಿರುವ ಜಾಗ. ಹಾಗಾಗಿ ಕೆಳಗಿನ ಎಲೆ ಕಿತ್ತು, ಸಸಿಯ ಮೂರನೇ ಎರಡು ಭಾಗ ಹೂತುಬಿಡಿ. ಧೈರ್ಯವಾಗಿ ಹೂಳಿ, ಏನೂ ಆಗುವುದಿಲ್ಲ. ದೊಡ್ಡ ಹಣ್ಣಿಗೆ ದೊಡ್ಡ ಬೇರು ಬೇಕು. ಕಸಿ ಮಾಡಿದ ಸಸಿ ಮಾತ್ರ ಹೀಗೆ ಹೂಳಬಾರದು, ಕಸಿಯ ಗಂಟು ಮಣ್ಣಿನ ಮೇಲೇ ಇರಬೇಕು.

ಗಿಡದಿಂದ ಗಿಡಕ್ಕೆ 60ರಿಂದ 90 ಸೆಂಟಿಮೀಟರ್ ಬಿಡಿ. ದಿನಕ್ಕೆ ಆರರಿಂದ ಎಂಟು ಗಂಟೆ ನೇರ ಬಿಸಿಲು ಬೇಕೇ ಬೇಕು. ಕುಂಡದಲ್ಲಾದರೆ ಒಂದು ಗಿಡಕ್ಕೆ 40ರಿಂದ 50 ಲೀಟರ್ ಕುಂಡ. 15 ಲೀಟರ್ ಬಕೆಟ್‌ನಲ್ಲಿ ಗಿಡ ಬದುಕುತ್ತದೆ, ಕಾಯಿಯೂ ಬಿಡಬಹುದು, ಆದರೆ ಅಷ್ಟು ಸಣ್ಣ ಮಣ್ಣು ಬಿಸಿಲಿಗೆ ಅರ್ಧ ದಿನದಲ್ಲಿ ಒಣಗುವುದರಿಂದ ಸಮನಾಗಿ ನೀರು ಕೊಡುವುದು ಆಗದ ಮಾತು. ಮಣ್ಣಿಗೆ ಚೆನ್ನಾಗಿ ಕಳಿತ ಗೊಬ್ಬರ ಧಾರಾಳವಾಗಿ ಬೆರೆಸಿ, ಹಸಿ ಸಗಣಿ ಹಾಕಬೇಡಿ. ಹಿಂದಿನ ಮೂರು ವರ್ಷದಲ್ಲಿ ಟೊಮೇಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬೆಳೆದ ಪಾತಿ ಬೇಡ, ನಾಲ್ಕೂ ಒಂದೇ ಕುಟುಂಬ, ಒಂದರ ರೋಗ ಇನ್ನೊಂದಕ್ಕೆ ದಾಟುತ್ತದೆ.

ಗೂಟ ಸಸಿಯ ಜೊತೆಯಲ್ಲೇ ನೆಡಿ. ಎರಡು ಮೀಟರ್ ಉದ್ದ, ಹೆಬ್ಬೆರಳಿಗಿಂತ ದಪ್ಪ ಇರಲಿ. ಆಮೇಲೆ ಹೊಡೆದರೆ ಬೇರು ಕತ್ತರಿಸುತ್ತದೆ. ಹತ್ತು ಹಣ್ಣು ಅಂದರೆ ಐದು ಕಿಲೋ ಭಾರ, ಅದರ ಮೇಲೆ ಗಾಳಿ ಬೇರೆ. ಬಟ್ಟೆಯ ಪಟ್ಟಿಯನ್ನು ಗೂಟಕ್ಕೂ ಕಾಂಡಕ್ಕೂ ಎಂಟರ ಅಂಕಿಯ ಹಾಗೆ ಸಡಿಲವಾಗಿ ಸುತ್ತಿ ಕಟ್ಟಿ. ಕಾಯಿ ದೊಡ್ಡದಾದಾಗ ಗೊಂಚಲಿನ ತೊಟ್ಟು ಮಡಚಿಕೊಳ್ಳುವುದುಂಟು, ಅದಕ್ಕೂ ಒಂದು ಬಟ್ಟೆಯ ತೊಟ್ಟಿಲು ಕಟ್ಟಿ ಗೂಟಕ್ಕೆ ನೇತು ಹಾಕಿ.

ಈಗ ಚಿಗುರು ಕೀಳುವ ವಿಷಯ. ಎಲೆಯ ಕಾಂಡ ಮತ್ತು ಮುಖ್ಯ ಕಾಂಡದ ಸಂದಿಯಲ್ಲಿ ಹೊಸ ಚಿಗುರು ಬರುತ್ತದೆ. ಬಿಟ್ಟರೆ ಅದೇ ಇನ್ನೊಂದು ಗಿಡದಷ್ಟು ಬೆಳೆದು, ಅದೂ ಹೂ ಬಿಟ್ಟು, ಗಿಡದ ಶಕ್ತಿಯೆಲ್ಲ ಹಂಚಿಹೋಗುತ್ತದೆ. ನಾನು ಎರಡು ಕಾಂಡ ಇಟ್ಟುಕೊಳ್ಳುತ್ತೇನೆ. ಮೊದಲ ಹೂಗೊಂಚಲಿನ ಸರಿಯಾಗಿ ಕೆಳಗೆ ಬರುವ ಚಿಗುರು ತುಂಬಾ ಜೋರಾಗಿರುತ್ತದೆ, ಅದನ್ನು ಎರಡನೇ ಕಾಂಡವಾಗಿ ಬಿಟ್ಟು ಮಿಕ್ಕದ್ದೆಲ್ಲ ವಾರಕ್ಕೊಮ್ಮೆ ಬೆರಳುದ್ದ ಆಗುವ ಮುಂಚೆಯೇ ಮುರಿಯುತ್ತೇನೆ. ಬೆಳಿಗ್ಗೆ ಮುರಿದರೆ ಗಾಯ ಸಂಜೆಯೊಳಗೆ ಒಣಗುತ್ತದೆ. ಒಂದೇ ಕಾಂಡ ಇಟ್ಟರೆ ಹಣ್ಣು ಇನ್ನೂ ದೊಡ್ಡದಾಗುತ್ತದೆ ನಿಜ, ಆದರೆ ಎಲೆ ಕಮ್ಮಿಯಾಗಿ ಬಿಸಿಲಿನ ಊರುಗಳಲ್ಲಿ ಕಾಯಿಯ ಹೆಗಲು, ಅಂದರೆ ತೊಟ್ಟಿನ ಸುತ್ತಲ ಭಾಗ, ಬೆಂದು ಬಿಳಿಯಾಗುತ್ತದೆ. ಕಾಯಿಗೆ ಎಲೆಯ ನೆರಳು ಬೇಕು, ಆದ್ದರಿಂದ ಕತ್ತರಿ ಹಿಡಿದು ಗಿಡ ಬೋಳಿಸಬೇಡಿ. ನೆಲದಿಂದ ಒಂದು ಅಡಿ ತನಕದ ಎಲೆ ಮಾತ್ರ ತೆಗೆಯಿರಿ, ನೀರು ಹಾಕುವಾಗ ಮಣ್ಣು ಸಿಡಿದು ಎಲೆ ಒಣಗಿಸುವ ಅಂಗಮಾರಿ ರೋಗ ಹತ್ತುವುದು ಅಲ್ಲಿಂದಲೇ.

ಗೊಂಚಲಿಗೆ ಎರಡು, ಹೆಚ್ಚೆಂದರೆ ಮೂರು ಕಾಯಿ ಬಿಡಿ. ಉಳಿದವು ಗೋಲಿ ಗಾತ್ರ ಇದ್ದಾಗಲೇ ಚಿವುಟಿ. ಕೈ ಬರುವುದಿಲ್ಲ, ಗೊತ್ತು. ಆದರೂ ಮಾಡಿ. ಮೊದಲ ಗೊಂಚಲಿನಲ್ಲಿ ಕೆಲವೊಮ್ಮೆ ಎರಡು ಮೂರು ಹೂ ಕೂಡಿಕೊಂಡ ಹಾಗೆ ಒಂದು ಅಗಲವಾದ ಹೂ ಕಾಣುತ್ತದೆ. ತೂಕದ ಆಸೆ ಇರುವವರು ಅದನ್ನೇ ಹುಡುಕಿ ಉಳಿಸಿಕೊಳ್ಳುತ್ತಾರೆ, ಯಾಕೆಂದರೆ ಅತಿ ದೊಡ್ಡ ಹಣ್ಣು ಬರುವುದು ಅದರಿಂದಲೇ. ಆದರೆ ಆ ಹಣ್ಣು ಸುಕ್ಕು ಸುಕ್ಕಾಗಿ, ಕೆಳಗೆ ಗಾಯದ ಕಲೆಗಳ ಜೊತೆ ಬರುತ್ತದೆ. ತಿನ್ನಲು ಬೆಳೆಯುವವರು ಅದನ್ನು ಕಿತ್ತರೆ ಒಳ್ಳೆಯದು.

ಟೊಮೇಟೊ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇರುತ್ತವೆ, ಪರಾಗ ಉದುರಿದರೆ ಸಾಕು. ಗಾಳಿ, ಜೇನು ಇಲ್ಲದ ಬಾಲ್ಕನಿಯಲ್ಲಿ ಬೆಳೆಯುವವರು ಬೆಳಗಿನ ಹೊತ್ತು ಗೊಂಚಲಿನ ಹಿಂದೆ ಬೆರಳಿನಿಂದ ಮೆಲ್ಲಗೆ ತಟ್ಟಿ. ಎಲೆಕ್ಟ್ರಿಕ್ ಟೂತ್‌ಬ್ರಷ್ ತಾಗಿಸಿದರೆ ಇನ್ನೂ ಚೆನ್ನಾಗಿ ಉದುರುತ್ತದೆ.

ಇನ್ನು ನೀರು. ಒಂದು ವರ್ಷ ಕಾಯಿಗಳು ಮುಷ್ಟಿ ಗಾತ್ರ ಆಗಿ ಹೊಳೆಯುತ್ತಿದ್ದಾಗ ನಾಲ್ಕು ದಿನ ಮನೆಯಲ್ಲಿರಲಿಲ್ಲ. ಬಂದು ನೋಡಿದರೆ ಗಿಡ ಜೋಲು ಬಿದ್ದಿತ್ತು, ಪಾಪ ಅನಿಸಿ ಬುಡ ತುಂಬಾ ನೀರು ಬಿಟ್ಟೆ. ಮರುದಿನ ಬೆಳಿಗ್ಗೆ ಅರ್ಧಕ್ಕರ್ಧ ಕಾಯಿ ತೊಟ್ಟಿನ ಸುತ್ತ ಬಿರುಕು ಬಿಟ್ಟಿದ್ದವು. ಎರಡು ವಾರ ಆದ ಮೇಲೆ ಹೊಸ ಕಾಯಿಗಳ ಕೆಳತುದಿ ಕಪ್ಪಾಗಿ ಚರ್ಮದ ಹಾಗೆ ಒಳಕ್ಕೆ ಕುಸಿಯತೊಡಗಿತು. ಎರಡಕ್ಕೂ ಕಾರಣ ಆ ನಾಲ್ಕು ದಿನವೇ.

ಬಿರುಕು ಯಾಕೆ ಅಂದರೆ, ಒಣಗಿದ್ದಾಗ ಸಿಪ್ಪೆ ಗಟ್ಟಿಯಾಗುತ್ತದೆ, ಒಮ್ಮೆಲೇ ನೀರು ಸಿಕ್ಕಾಗ ಒಳಗಿನ ತಿರುಳು ಉಬ್ಬುತ್ತದೆ, ಸಿಪ್ಪೆ ಅಷ್ಟು ಬೇಗ ಹಿಗ್ಗುವುದಿಲ್ಲ. ತುದಿ ಕೊಳೆಯುವುದು ರೋಗ ಅಲ್ಲ, ಕಾಯಿಗೆ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ತಲುಪದೇ ಇರುವುದು. ಅದು ಗಿಡದೊಳಗೆ ನೀರಿನ ಜೊತೆಯಲ್ಲೇ ಹರಿಯುತ್ತದೆ. ನೀರು ಕಮ್ಮಿಯಾದಾಗ ಇದ್ದದ್ದನ್ನೆಲ್ಲ ಎಲೆಗಳೇ ಎಳೆದುಕೊಳ್ಳುತ್ತವೆ, ಕಾಯಿಯ ತುದಿ ಎಲ್ಲಕ್ಕಿಂತ ದೂರ, ಅಲ್ಲಿಗೆ ಏನೂ ಉಳಿಯುವುದಿಲ್ಲ. ಹೆಚ್ಚಿನ ತೋಟಗಳ ಮಣ್ಣಿನಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ ಇದ್ದೇ ಇರುತ್ತದೆ. ಆದ್ದರಿಂದ ತುದಿ ಕೊಳೆತ ಕೂಡಲೇ ಮೊಟ್ಟೆ ಚಿಪ್ಪು ಪುಡಿ ಮಾಡಿ ಸುರಿಯುವುದರಿಂದ ಆ ಬೆಳೆಗೆ ಲಾಭ ಇಲ್ಲ, ಚಿಪ್ಪು ಮಣ್ಣಲ್ಲಿ ಕರಗಲು ತುಂಬಾ ಕಾಲ ಬೇಕು. ಕೊಳೆತ ಕಾಯಿ ಕಿತ್ತು ಹಾಕಿ, ನೀರು ಸರಿ ಮಾಡಿ, ಮುಂದಿನ ಕಾಯಿಗಳು ಚೆನ್ನಾಗಿ ಬರುತ್ತವೆ.

ಎಷ್ಟು ನೀರು? ಬೆರಳು ಮಣ್ಣಿಗೆ ಐದು ಸೆಂಟಿಮೀಟರ್ ಇಳಿಸಿ ನೋಡಿ. ತಂಪಿದ್ದರೆ ಬಿಡಿ, ಒಣಗಲು ಶುರುವಾಗಿದ್ದರೆ ಬೇರಿನ ಆಳಕ್ಕೆ ಇಳಿಯುವಷ್ಟು ನಿಧಾನವಾಗಿ ಕೊಡಿ. ನೆಲದಲ್ಲಿ ವಾರಕ್ಕೆ ಎರಡು ಮೂರು ಸಲ ಸಾಕಾಗಬಹುದು, ಕುಂಡಕ್ಕೆ ದಿನಾ ಬೇಕು, ಬಿರುಬಿಸಿಲಿನಲ್ಲಿ ಎರಡು ಹೊತ್ತು. ಬುಡಕ್ಕೆ ಮಾತ್ರ ಹಾಕಿ, ಎಲೆ ನೆನೆಸಬೇಡಿ. ಆಮೇಲೆ ಬುಡದ ಸುತ್ತ ಒಣಹುಲ್ಲು ಅಥವಾ ತರಗೆಲೆ ಎಂಟು ಸೆಂಟಿಮೀಟರ್ ದಪ್ಪ ಮುಚ್ಚಿ, ಕಾಂಡಕ್ಕೆ ತಾಗದ ಹಾಗೆ. ನಾನು ಈಗ ಈ ಹೊದಿಕೆ ಇಲ್ಲದೆ ಒಂದು ಗಿಡವನ್ನೂ ನೆಡುವುದಿಲ್ಲ. ಊರಿಗೆ ಹೋಗುವುದಿದ್ದರೆ ಹನಿ ನೀರಾವರಿಯ ಒಂದು ಟೈಮರ್ ಇಡಿ, ಇಲ್ಲ ಪಕ್ಕದವರಿಗೆ ಹೇಳಿ ಹೋಗಿ. ಅಕಸ್ಮಾತ್ ಒಣಗಿಯೇ ಹೋದರೆ ಒಮ್ಮೆಲೇ ಸುರಿಯಬೇಡಿ, ಎರಡು ಮೂರು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಹಳೇ ಹದಕ್ಕೆ ತನ್ನಿ.

ಗೊಬ್ಬರ ಕಮ್ಮಿ ಮಾತಿನಲ್ಲಿ: ಸಾರಜನಕ ಜಾಸ್ತಿ ಆದರೆ ಗಿಡ ಕಾಡಿನ ಹಾಗೆ ಹಸಿರಾಗಿ ಬೆಳೆದು ಹೂ ಬಿಡುವುದನ್ನೇ ಮರೆಯುತ್ತದೆ. ಕಾಯಿ ಕಚ್ಚಿದ ಮೇಲೆ ಎರಡು ವಾರಕ್ಕೊಮ್ಮೆ ಪೊಟ್ಯಾಷ್ ಜಾಸ್ತಿ ಇರುವ ಗೊಬ್ಬರ ತೆಳ್ಳಗೆ ಕೊಡಿ.

ಕೀಟಗಳಲ್ಲಿ ಮೊದಲು ನೋಡಬೇಕಾದ್ದು ಬಿಳಿ ನೊಣ. ಅದು ಎಲೆ ಮುದುಡುವ ವೈರಸ್ ತರುತ್ತದೆ, ಆ ರೋಗ ಬಂದ ಗಿಡಕ್ಕೆ ಮದ್ದಿಲ್ಲ, ಕಿತ್ತು ದೂರ ಹಾಕಲೇಬೇಕು. ಎಲೆಯ ಅಡಿ ವಾರಕ್ಕೆರಡು ಸಲ ನೋಡಿ, ಕಂಡ ಕೂಡಲೇ ಸಂಜೆ ಹೊತ್ತು ಬೇವಿನ ಎಣ್ಣೆ ಸಿಂಪಡಿಸಿ. ಕಾಯಿಯಲ್ಲಿ ದುಂಡನೆ ತೂತು ಕಂಡರೆ ಅದು ಕಾಯಿ ಕೊರಕ, ಆ ಕಾಯಿ ಹುಳು ಸಮೇತ ತೆಗೆಯಿರಿ.

ಹಣ್ಣು ಪೂರ್ತಿ ಕೆಂಪಾಗುವ ತನಕ ಗಿಡದಲ್ಲೇ ಕಾಯಬೇಕಿಲ್ಲ. ಕೆಳತುದಿಯಲ್ಲಿ ಬಣ್ಣ ತಿರುಗಿ, ಕಾಲು ಭಾಗ ಗುಲಾಬಿ ಬಂದಾಗ ಕೊಯ್ದು ಮನೆಯೊಳಗೆ ಇಟ್ಟರೂ ಚೆನ್ನಾಗಿ ಹಣ್ಣಾಗುತ್ತದೆ, ರುಚಿಯೂ ಕೆಡುವುದಿಲ್ಲ. ಮಳೆ ಬರುವ ಸೂಚನೆ ಇದ್ದರೆ ನಾನು ಹೀಗೇ ಮಾಡುತ್ತೇನೆ, ಒಂದು ರಾತ್ರಿಯ ಮಳೆಗೆ ಎರಡು ತಿಂಗಳು ಕಾದ ಹಣ್ಣು ಒಡೆಯಬಾರದಲ್ಲ. ಬಿಸಿಲು 30 ಡಿಗ್ರಿ ದಾಟಿದ ದಿನಗಳಲ್ಲೂ ಒಳಗೇ ಹಣ್ಣು ಮಾಡುವುದು ವಾಸಿ, ಅಷ್ಟು ಬಿಸಿಯಲ್ಲಿ ಕೆಂಪು ಬಣ್ಣ ಸರಿಯಾಗಿ ಬರುವುದಿಲ್ಲ, ಹೆಗಲು ಹಳದಿಯಾಗೇ ಉಳಿಯುತ್ತದೆ. ಕಿಟಕಿಯ ಬಿಸಿಲು ಬೇಡ, 20ರಿಂದ 25 ಡಿಗ್ರಿಯ ನೆರಳು ಸಾಕು. ಫ್ರಿಡ್ಜ್‌ನಲ್ಲಿ ಮಾತ್ರ ಇಡಬೇಡಿ, ಚಳಿಗೆ ವಾಸನೆ ರುಚಿ ಎರಡೂ ಹೋಗುತ್ತವೆ.

ಬ್ರಾಂಡಿವೈನ್, ಚೆರೋಕಿ ಪರ್ಪಲ್ ಥರದ ನಾಟಿ ತಳಿಯಾದರೆ ಗಿಡದ ಅತಿ ಚೆಂದದ ಹಣ್ಣಿನ ಬೀಜ ಎತ್ತಿಡಿ. ಹೈಬ್ರಿಡ್ ಬೀಜ ಇಡಬೇಡಿ, ಮುಂದಿನ ಗಿಡ ಅದೇ ಥರ ಬರುವುದಿಲ್ಲ. ಬೀಜವನ್ನು ಅದರ ಲೋಳೆ ಸಮೇತ ಒಂದು ಲೋಟದಲ್ಲಿ ಎರಡು ಮೂರು ದಿನ ಹುಳಿಯಲು ಬಿಡಿ, ಲೋಳೆ ಬಿಟ್ಟು ಬೀಜ ತಳಕ್ಕೆ ಇಳಿದ ಮೇಲೆ ತೊಳೆದು ತಟ್ಟೆಯ ಮೇಲೆ ನೆರಳಲ್ಲಿ ಒಣಗಿಸಿ. ಕಾಗದದ ಮೇಲೆ ಬೇಡ, ಅಂಟಿಕೊಳ್ಳುತ್ತದೆ. ಚೆನ್ನಾಗಿ ಒಣಗಿದ ಬೀಜ ಕವರಿಗೆ ಹಾಕಿ ತಳಿಯ ಹೆಸರು, ವರ್ಷ ಬರೆದು ತಂಪಾದ ಜಾಗದಲ್ಲಿಟ್ಟರೆ ನಾಲ್ಕೈದು ವರ್ಷ ಮೊಳೆಯುತ್ತದೆ.